ತಣ್ಣಗಾದ ಮರಿಗೆ ಮೊದಲು ಕಾವು, ಆಮೇಲೆ ಹಾಲು

ಪ್ರಶ್ನೆ: ನಮ್ಮದು ಹಳೇ ಹುಬ್ಬಳ್ಳಿಯಲ್ಲಿ ಮಾಳಿಗೆ ಮನೆ. ಹಿತ್ತಲಲ್ಲಿ ಕಟ್ಟಿಗೆ ಒಟ್ಟಿದ ಜಾಗದಲ್ಲಿ ಬೆಕ್ಕು ಮೂರು ಮರಿ ಹಾಕಿತ್ತು. ಎರಡು ದಿನದಿಂದ ತಾಯಿ ಕಂಡಿಲ್ಲ. ನಿನ್ನೆ ರಾತ್ರಿ ಮಳೆಗೆ ಎರಡು ಮರಿ ಸತ್ತವು. ಉಳಿದ ಒಂದನ್ನು ಒಳಗೆ ತಂದಿದ್ದೇನೆ. ಕಣ್ಣು ಈಗಷ್ಟೇ ಬಿಟ್ಟಿದೆ. ಮೈ ತಣ್ಣಗಿದೆ, ಕೂಗುವುದೂ ಇಲ್ಲ. ಅರಳೆ ಬತ್ತಿ ಅದ್ದಿ ಆಕಳ ಹಾಲು ಹಾಕಿದೆ, ಮೂಗಿನಿಂದ ಹೊರಗೆ ಬಂತು. ಅತ್ತೆಯವರು ಒಲೆ ಹತ್ತಿರ ಇಡು ಅನ್ನುತ್ತಾರೆ. ಕಿರಾಣಿ ಅಂಗಡಿಯಲ್ಲಿ ತೂಗಿಸಿದರೆ 170 ಗ್ರಾಂ ಬಂತು. ಮೊನ್ನೆ ಮಗಳು ಎತ್ತಿಕೊಂಡಾಗ ಕೈಗೆ ಉಗುರು ಗೀರಿದೆ, ಅದಕ್ಕೆ ಇಂಜೆಕ್ಷನ್ ಬೇಕಾ? ಡಾಕ್ಟರು ಸಿಗುವ ತನಕ ಮನೆಯಲ್ಲಿ ಏನು ಮಾಡಲಿ?

ಉತ್ತರ: ಅಕ್ಕಾರ, ಮೊದಲು ಹಾಲಿನ ಬಟ್ಟಲು ಪಕ್ಕಕ್ಕೆ ಇಡಿ. ಮರಿ ಬೆಚ್ಚಗಾಗುವವರೆಗೆ ಅದರ ಬಾಯಿಗೆ ಒಂದು ಹನಿ ಹಾಲೂ ಬೀಳಬಾರದು. ನೀವು ಬರೆದದ್ದರಲ್ಲಿ ನನಗೆ ಹೆದರಿಕೆ ಹುಟ್ಟಿಸಿದ ಮಾತೆಂದರೆ "ಮೈ ತಣ್ಣಗಿದೆ, ಕೂಗುವುದೂ ಇಲ್ಲ" ಎನ್ನುವುದು. ಹಸಿದ ಮರಿ ಓಣಿಗೆಲ್ಲ ಕೇಳುವಂತೆ ಕೂಗುತ್ತದೆ. ಸುಮ್ಮನೆ ಬಿದ್ದಿದೆ ಎಂದರೆ ಕೂಗುವ ತ್ರಾಣವೂ ಹೋಗಿದೆ ಎಂದರ್ಥ.

ಹುಟ್ಟಿದ ಮೊದಲ ವಾರ ಬೆಕ್ಕಿನ ಮರಿಗೆ ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳಲೂ ಬರುವುದಿಲ್ಲ. ತಾಯಿಯ ಹೊಟ್ಟೆ, ಒಡಹುಟ್ಟಿದವುಗಳ ಮೈ, ಇವೇ ಅದರ ಕಾವು. ನಿಮ್ಮ ಮರಿಗೆ ಸುಮಾರು ಎರಡು ವಾರ ಆಗಿರಬೇಕು, ಏಕೆಂದರೆ ಕಣ್ಣು ಬಿಡುವುದು 7ರಿಂದ 14 ದಿನದೊಳಗೆ. ಆ ವಯಸ್ಸಿಗೂ ತನ್ನ ಕಾವು ತಾನು ಹಿಡಿದಿಟ್ಟುಕೊಳ್ಳುವುದು ಕಷ್ಟವೇ. ಮೈ ಶಾಖ 35 ಡಿಗ್ರಿ ಸೆಲ್ಸಿಯಸ್‌ಗಿಂತ, ಅಂದರೆ 95 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿದರೆ ಕರುಳು ಕೆಲಸ ನಿಲ್ಲಿಸುತ್ತದೆ. ಆಗ ಹೊಟ್ಟೆಗೆ ಹೋದ ಹಾಲು ಅಲ್ಲೇ ನಿಂತು ಹುಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ, ಉಬ್ಬಿದ ಹೊಟ್ಟೆ ಎದೆಯನ್ನು ಒತ್ತುತ್ತದೆ. ನುಂಗುವ ಶಕ್ತಿಯೂ ಮಂಕಾಗಿರುವುದರಿಂದ ಅರ್ಧ ಹಾಲು ಉಸಿರಿನ ದಾರಿ ಹಿಡಿಯುತ್ತದೆ. ನಿಮ್ಮಲ್ಲಿ ಮೂಗಿನಿಂದ ಬಂದದ್ದು ಹಾಗೆಯೇ. ಕನಿಕರದಿಂದ ಹಾಲು ಹಾಕಿ ಮರಿ ಕಳೆದುಕೊಂಡವರನ್ನು ನಾನು ಪ್ರತಿ ಮಳೆಗಾಲ ನೋಡುತ್ತೇನೆ. ಅವರಲ್ಲಿ ಯಾರೂ ಕೆಟ್ಟವರಲ್ಲ, ಕ್ರಮ ಹಿಂದುಮುಂದಾಗಿರುತ್ತದೆ ಅಷ್ಟೇ.

ಈಗ ಬೆಚ್ಚಗೆ ಮಾಡುವ ರೀತಿ. ಮೈ ಒದ್ದೆಯಿದ್ದರೆ ಹಳೆಯ ಹತ್ತಿ ಸೀರೆಯ ತುಂಡಿನಿಂದ ಮೆತ್ತಗೆ ಒತ್ತಿ ಒತ್ತಿ ಒರೆಸಿ; ಉಜ್ಜಿ ಸುಲಿಯಬೇಡಿ. ಆಮೇಲೆ ಮರಿಯನ್ನು ನಿಮ್ಮ ಎದೆಗೆ, ಚರ್ಮಕ್ಕೆ ತಾಗುವಂತೆ ಇಟ್ಟುಕೊಂಡು ಮೇಲೆ ಸೆರಗು ಅಥವಾ ಶಾಲು ಹೊದ್ದು ಕೂಡಿ. ತಲೆ ಹೊರಗಿರಲಿ. ನಿಮ್ಮ ಮೈಕಾವು ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಸುಡುವುದಂತೂ ಇಲ್ಲ. ಅಷ್ಟರಲ್ಲಿ ಮನೆಯಲ್ಲಿ ಇನ್ನೊಬ್ಬರು ಡಬ್ಬಿ ಸಿದ್ಧ ಮಾಡಲಿ. ರಟ್ಟಿನ ಡಬ್ಬಿ ಸಾಕು. ಥರ್ಮಾಕೋಲ್ ಡಬ್ಬಿ ಸಿಕ್ಕರೆ ಇನ್ನೂ ಒಳ್ಳೆಯದು, ಮುಚ್ಚಳ ಮಾತ್ರ ಬೇಡ. ಡಬ್ಬಿಯನ್ನು ನೇರವಾಗಿ ಫರಸಿಯ ಮೇಲೆ ಇಡಬೇಡಿ. ಮಳೆಗಾಲದಲ್ಲಿ ನಮ್ಮ ಶಹಾಬಾದಿ ಕಲ್ಲು ಇದ್ದಬದ್ದ ಕಾವನ್ನೆಲ್ಲ ಹೀರುತ್ತದೆ. ಕೆಳಗೆ ಮಣೆಯನ್ನೋ ಮಡಚಿದ ಗೋಣಿಚೀಲವನ್ನೋ ಹಾಕಿ, ಒಳಗೆ ಕೌದಿಯ ತುಂಡು ಹಾಸಿ. ಕೌದಿಯ ದಾರ ಬಿಚ್ಚಿದ್ದರೆ ಕತ್ತರಿಸಿ ತೆಗೆಯಿರಿ, ಮರಿಯ ಉಗುರು ಸಿಕ್ಕಿಕೊಳ್ಳುತ್ತದೆ.

ಕಾವಿಗೆ ಬಿಸಿನೀರಿನ ಬ್ಯಾಗ್ ಇದ್ದರೆ ಅದು, ಇಲ್ಲದಿದ್ದರೆ ಬಿಸಿನೀರು ತುಂಬಿ ಬಿಗಿಯಾಗಿ ಮುಚ್ಚಿದ ಬಾಟಲಿ. ಅದಕ್ಕೆ ಟವೆಲ್ ಎರಡು ಸುತ್ತು ಸುತ್ತಿ. ಜೋಳವನ್ನು ಹಂಚಿನ ಮೇಲೆ ಬಿಸಿ ಮಾಡಿ ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿದರೂ ನಡೆಯುತ್ತದೆ. ಕರೆಂಟ್ ಹೋದ ರಾತ್ರಿ ಇದೇ ಕೈ ಹಿಡಿಯುವುದು. ಯಾವುದೇ ಆಗಲಿ, ಸುತ್ತಿದ ಮೇಲೆ ನಿಮ್ಮ ಮುಂಗೈಯ ಒಳಬದಿಗೆ ಹಿಡಿದು ನೋಡಿ, ಹಿತವೆನಿಸಬೇಕು. ಡಬ್ಬಿಯ ಒಂದು ಬದಿಗೆ ಮಾತ್ರ ಕಾವು ಇಡಿ, ಇನ್ನೊಂದು ಬದಿ ಖಾಲಿ ಬಿಡಿ. ಚೇತರಿಸಿಕೊಂಡ ಮರಿ ಸೆಕೆಯಾದರೆ ತಾನೇ ಸರಿದು ಹೋಗುತ್ತದೆ. ನಿಮ್ಮದು ಸದ್ಯಕ್ಕೆ ಸರಿಯಲಾರದು, ಆದ್ದರಿಂದ ಹತ್ತು ಹದಿನೈದು ನಿಮಿಷಕ್ಕೊಮ್ಮೆ ನೀವೇ ಮಗ್ಗುಲು ಬದಲಿಸಬೇಕು. ಒಂದೇ ಕಡೆ ಬಿಟ್ಟರೆ ಆ ತೆಳು ಚರ್ಮ ಬೇಯುತ್ತದೆ, ಮರಿ ಅಳುವುದೂ ಇಲ್ಲ.

ಒಲೆ ಹತ್ತಿರ ಇಡುವ ಮಾತು: ನಿಮ್ಮ ಅತ್ತೆಯವರು ಹೇಳುವುದರಲ್ಲಿ ಮೂಲ ವಿಚಾರ ಸರಿಯಿದೆ, ಕಾವು ಬೇಕು ಎಂಬುದು ಅವರಿಗೆ ಗೊತ್ತು. ಆದರೆ ಒಲೆಯ ಕಾವು ಒಂದೇ ಬದಿಗೆ, ಒಂದೇ ಸಲಕ್ಕೆ, ಜೋರಾಗಿ ಬಡಿಯುತ್ತದೆ. ಮೈಮೇಲಿನ ಚರ್ಮ ಬಿಸಿಯಾದರೂ ಒಳಗೆ ತಣ್ಣಗೇ ಇರುತ್ತದೆ, ಮೈಯ ನೀರೂ ಆರುತ್ತದೆ. ಹೇರ್ ಡ್ರೈಯರ್, ಮಾಳಿಗೆ ಮೇಲಿನ ಬಿಸಿಲು, ಇವೂ ಹಾಗೆಯೇ. ತಣ್ಣಗಾದ ಮರಿಯನ್ನು ನಿಧಾನವಾಗಿ, ಗಂಟೆಗೆ ಒಂದು ಡಿಗ್ರಿಯಂತೆ ಮೇಲೆ ತರಬೇಕು. ಎರಡು ಮೂರು ಗಂಟೆ ಹಿಡಿದರೂ ಸರಿ.

ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇದ್ದರೆ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಗುದದ್ವಾರದಲ್ಲಿ ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ಹೋಗದಂತೆ ಹಿಡಿದು ನೋಡಿ. ಬಹಳಷ್ಟು ಥರ್ಮಾಮೀಟರ್‌ಗಳು 32 ಡಿಗ್ರಿಗಿಂತ ಕೆಳಗೆ ಅಂಕಿ ತೋರಿಸುವುದಿಲ್ಲ, 'ಲೋ' ಎಂದಷ್ಟೇ ಬರುತ್ತದೆ. ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ಮರಿ ಅಷ್ಟು ತಣ್ಣಗಿದೆ. ಎರಡು ವಾರದ ಮರಿಗೆ 36ರಿಂದ 38 ಡಿಗ್ರಿ ಇರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಬಾಯೊಳಗೆ ಕಿರುಬೆರಳ ತುದಿ ಇಟ್ಟು ನೋಡಿ. ತಣ್ಣಗಿನ ಮರಿಯ ಬಾಯಿ ತಣ್ಣಗೆ, ಅಂಟಂಟಾಗಿ ಇರುತ್ತದೆ. ಬೆಚ್ಚಗಾದ ಮರಿಯ ಬಾಯಿ ಬೆಚ್ಚಗೆ, ತೇವವಾಗಿರುತ್ತದೆ, ನಾಲಿಗೆ ಬೆರಳಿಗೆ ಸುತ್ತಿಕೊಂಡು ಚೀಪಲು ಶುರು ಮಾಡುತ್ತದೆ. ಆ ಚೀಪುವಿಕೆ ಕಂಡ ಮೇಲೆಯೇ ಹಾಲಿನ ಮಾತು.

ಬೆಚ್ಚಗೆ ಮಾಡುವ ಹೊತ್ತಿನಲ್ಲಿ ಒಂದನ್ನು ಮಾತ್ರ ಕೊಡಬಹುದು, ಅದು ಸಕ್ಕರೆ. ಹೊತ್ತಿಗೆ ಸರಿಯಾಗಿ ಹಾಲು ಕುಡಿಯದ ಮರಿಯ ರಕ್ತದಲ್ಲಿ ಸಕ್ಕರೆ ಬೇಗ ಇಳಿಯುತ್ತದೆ. ಜೋಲು ಬೀಳುವುದಕ್ಕೆ, ಒಮ್ಮೊಮ್ಮೆ ಸೆಟೆದುಕೊಳ್ಳುವುದಕ್ಕೆ ಅದೂ ಕಾರಣ. ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ಸ್ವಲ್ಪವೇ ಬೆಚ್ಚಗಿನ ನೀರಿನಲ್ಲಿ ಮಂದವಾಗಿ ಕರಗಿಸಿ, ಬೆರಳಿಗೆ ಒಂದು ಹನಿ ತೆಗೆದುಕೊಂಡು ಒಸಡಿಗೆ ಸವರಿ. ಹದಿನೈದು ನಿಮಿಷಕ್ಕೊಮ್ಮೆ ಸವರಿದರೆ ಸಾಕು. ಬಾಯೊಳಗೆ ಹನಿಸುವುದಲ್ಲ, ಸವರುವುದು. ನುಂಗಲಾಗದ ಮರಿಗೆ ನೀರೂ ಹಾಲಿನಷ್ಟೇ ಅಪಾಯ.

ಇನ್ನು ಹಾಲು. ಪೆಟ್ ಅಂಗಡಿಯಲ್ಲಿ ಬೆಕ್ಕಿನ ಮರಿಗಳಿಗೆಂದೇ ಹಾಲಿನ ಪುಡಿ ಬರುತ್ತದೆ, 'ಕಿಟನ್ ಮಿಲ್ಕ್ ರಿಪ್ಲೇಸರ್' ಎಂದು ಕೇಳಿ. ಅದಕ್ಕೆ ಸಮ ಬೇರೆ ಇಲ್ಲ. ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಕಲಸಿ; ಗಟ್ಟಿಯಾದರೆ ಶಕ್ತಿ ಜಾಸ್ತಿ ಎಂಬ ಲೆಕ್ಕ ಇಲ್ಲಿ ನಡೆಯದು, ಬೇಧಿ ಹತ್ತುತ್ತದೆ. ಅದು ಕೈಗೆ ಬರುವವರೆಗೆ ಒಂದೆರಡು ದಿನದ ಮಟ್ಟಿಗೆ ಮನೆಯಲ್ಲೇ ಮಾಡಿಕೊಳ್ಳಬಹುದು. ಬೆಕ್ಕಿನ ಹಾಲಿನಲ್ಲಿ ಪ್ರೋಟೀನು ಆಕಳ ಹಾಲಿನ ಎರಡು ಪಟ್ಟಿಗೂ ಮಿಕ್ಕಿ ಇರುತ್ತದೆ, ಹಾಲುಸಕ್ಕರೆ ಕಡಿಮೆ. ಅದಕ್ಕೇ ಬರೀ ಆಕಳ ಹಾಲು ಕುಡಿದ ಮರಿಗೆ ಹೊಟ್ಟೆ ತುಂಬಿದರೂ ಮೈ ತುಂಬುವುದಿಲ್ಲ, ಮೇಲೆ ನೀರು ನೀರು ಬೇಧಿ. ಧಾರವಾಡದ ಪೇಢೆಗೆ ಎಮ್ಮೆ ಹಾಲು ಹೇಳಿಸಿದ್ದಾದರೂ ಈ ಮರಿಯ ಹೊಟ್ಟೆಗೆ ಅದರ ಕೊಬ್ಬು ಭಾರ. ಕಾಯಿಸಿ ಆರಿಸಿದ ಆಡಿನ ಹಾಲು ಅಥವಾ ಆಕಳ ಹಾಲು 100 ಮಿಲಿಲೀಟರ್, ಅದಕ್ಕೆ ಒಂದು ಮೊಟ್ಟೆಯ ಹಳದಿ ಮಾತ್ರ ಹಾಕಿ ಚೆನ್ನಾಗಿ ಕದಡಿ, ಸೋಸಿ. ಬಿಳಿ ಭಾಗ ಬೇಡ. ಹಾಲು ಬಿಸಿಯಿರುವಾಗ ಹಳದಿ ಹಾಕಿದರೆ ಗಂಟು ಕಟ್ಟುತ್ತದೆ. ಫ್ರಿಜ್‌ನಲ್ಲಿ ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ.

ಮೊಟ್ಟೆ ಒಳಗೆ ತರದ ಮನೆಗಳು ನಮ್ಮ ಕಡೆ ಬಹಳ. ಅಲ್ಲಿ ಜಗಳ ಮಾಡಿಕೊಂಡು ಕೂಡುವಷ್ಟು ಹೊತ್ತು ಮರಿಗೆ ಇಲ್ಲ. ಆಡಿನ ಹಾಲಿಗೆ ಒಂದು ಚಮಚ ಹುಳಿಯಿಲ್ಲದ ತಾಜಾ ಕೆನೆಮೊಸರು ಕದಡಿ ಒಂದು ದಿನ ಸಾಗಿಸಿ, ಮರುದಿನ ಪುಡಿ ತರಿಸಿ.

ಬೆಚ್ಚಗಾದ ತಕ್ಷಣದ ಮೊದಲ ಗುಟುಕು ಹಾಲಾಗಬಾರದು. ಪ್ಯಾಕೆಟ್ ಮೇಲೆ ಹೇಳಿದ ಅಳತೆಯ ನೀರಿನಲ್ಲಿ ಕರಗಿಸಿದ ಓಆರ್‌ಎಸ್ ಬೆಚ್ಚಗೆ ಮಾಡಿ ಒಂದೆರಡು ಮಿಲಿ ಕೊಡಿ. ಅದನ್ನು ಇಳಿಸಿಕೊಂಡು, ಹೊಟ್ಟೆ ಉಬ್ಬದಿದ್ದರೆ ಒಂದು ಗಂಟೆ ಬಿಟ್ಟು ಅರ್ಧ ಓಆರ್‌ಎಸ್, ಅರ್ಧ ಹಾಲು. ಆಮೇಲೆ ಪೂರ್ತಿ ಹಾಲು. ಅಳತೆ ಹೀಗೆ ಹಿಡಿಯಿರಿ: ಚೆನ್ನಾಗಿರುವ ಮರಿಗೆ 100 ಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 20 ಮಿಲಿ ಹಾಲು ಬೇಕು, ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು 100 ಗ್ರಾಂಗೆ 4 ಮಿಲಿ ಅಷ್ಟೇ. ನಿಮ್ಮ 170 ಗ್ರಾಂ ಮರಿಗೆ ದಿನಕ್ಕೆ 34 ಮಿಲಿ ಆಯಿತು, ಒಂದು ಹೊತ್ತಿಗೆ ಹೆಚ್ಚೆಂದರೆ 7 ಮಿಲಿ. ಸೋತ ಮರಿಯಾದ್ದರಿಂದ ಮೊದಲ ದಿನ 3 ಮಿಲಿಯಂತೆ ಎರಡು ತಾಸಿಗೊಮ್ಮೆ ಕೊಡಿ, ರಾತ್ರಿಯೂ ಸೇರಿ. ಇಳಿಸಿಕೊಂಡರೆ ಮರುದಿನ ಪ್ರಮಾಣ ಹೆಚ್ಚಿಸಿ, ಮೂರು ತಾಸಿಗೊಮ್ಮೆ ಮಾಡಿ. ಮನೆಯಲ್ಲಿ ಇಬ್ಬರು ಪಾಳಿ ಹಾಕಿಕೊಳ್ಳದಿದ್ದರೆ ಈ ಕೆಲಸ ಆಗುವುದಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ.

ಅರಳೆ ಬತ್ತಿಯನ್ನು ಬಿಟ್ಟುಬಿಡಿ. ಎಷ್ಟು ಹೋಯಿತೆಂದು ಗೊತ್ತಾಗುವುದಿಲ್ಲ, ಎಳೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಔಷಧ ಅಂಗಡಿಯಲ್ಲಿ 2 ಮಿಲಿಯ ಸಿರಿಂಜ್ ತಂದು ಸೂಜಿ ಎಸೆದುಬಿಡಿ. ಮಕ್ಕಳಿಗೆ ಕುಡಿಸುವಂತೆ ಅಂಗಾತ ಮಲಗಿಸಿ ಕುಡಿಸುವುದು ಎಲ್ಲರೂ ಮಾಡುವ ತಪ್ಪು. ಬೆಕ್ಕಿನ ಮರಿ ತಾಯಿಯ ಬಳಿ ಹೊಟ್ಟೆ ಅಡಿ ಮಾಡಿಯೇ ಕುಡಿಯುತ್ತದೆ. ಹಾಗೆಯೇ ಟವೆಲ್ ಮೇಲೆ ಮಲಗಿಸಿ, ತಲೆಯನ್ನು ಸ್ವಲ್ಪ ಮಾತ್ರ ಎತ್ತಿ, ಸಿರಿಂಜಿನ ತುದಿಯನ್ನು ಬಾಯಿಯ ಬದಿಯಿಂದ ನಾಲಿಗೆಯ ಮೇಲೆ ಇಡಿ. ಹನಿ ಬಿಡಿ, ನುಂಗಲಿ, ಮತ್ತೆ ಹನಿ. ಹಾಲು ನಿಮ್ಮ ಮಣಿಕಟ್ಟಿಗೆ ಬೆಚ್ಚಗೆನಿಸಬೇಕು. ಮತ್ತೆ ಮೂಗಿನಿಂದ ಬಂದರೆ ತಕ್ಷಣ ನಿಲ್ಲಿಸಿ, ತಲೆ ಕೆಳಗಾಗುವಂತೆ ಸ್ವಲ್ಪ ಬಾಗಿಸಿ ಮೂಗು ಒರೆಸಿ. ಜಾಡಿಸಬೇಡಿ.

ಕುಡಿಸಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ, ಹೆಚ್ಚಿನವರಿಗೆ ಇದು ಗೊತ್ತೇ ಇರುವುದಿಲ್ಲ. ಸುಮಾರು ಮೂರು ವಾರದವರೆಗೆ ಮರಿಗೆ ತಾನಾಗಿ ಉಚ್ಚೆ, ಸಂಡಾಸ ಮಾಡಲು ಬರುವುದಿಲ್ಲ. ತಾಯಿ ನೆಕ್ಕಿ ಮಾಡಿಸುತ್ತದೆ. ನೀವು ಅರಳೆಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ಬಾಲದ ಕೆಳಗೆ ಮೆಲ್ಲಗೆ ತಟ್ಟುತ್ತ ಸವರಿ. ಅರ್ಧ ನಿಮಿಷದಲ್ಲಿ ಉಚ್ಚೆ ಬರುತ್ತದೆ. ಅದರ ಬಣ್ಣ ನೋಡಿ: ನೀರಿನಂತೆ ತಿಳಿಯಾಗಿದ್ದರೆ ಮೈಯಲ್ಲಿ ನೀರಿದೆ, ಗಾಢ ಹಳದಿಯಾಗಿದ್ದರೆ ಸಾಲದು. ದೊಡ್ಡ ಬೆಕ್ಕಿಗೆ ಮಾಡುವಂತೆ ಚರ್ಮ ಎಳೆದು ನೋಡುವ ಪರೀಕ್ಷೆ ಇಷ್ಟು ಎಳೆ ಮರಿಗೆ ನಂಬುವಂಥದ್ದಲ್ಲ. ಸಂಡಾಸ ಪ್ರತಿ ಸಲ ಬರಬೇಕೆಂದಿಲ್ಲ.

ಮೈಯಲ್ಲಿ ಚಿಗಟ ಇದ್ದರೆ ಒಸಡಿನ ಬಣ್ಣ ನೋಡಿ. ಬಿಳಿಚಿದ್ದರೆ ಚಿಗಟವೇ ರಕ್ತ ಕುಡಿದಿರಬಹುದು, ಇಷ್ಟು ಸಣ್ಣ ಮೈಯಲ್ಲಿ ಅಷ್ಟೇ ಸಾವಿಗೆ ಸಾಕು. ಮರಿ ಬೆಚ್ಚಗಾದ ಮೇಲೆ ಸಣ್ಣ ಹಲ್ಲಿನ ಬಾಚಣಿಗೆಯಿಂದ, ಹೇನು ತೆಗೆಯುವ ಹಣಿಗೆಯೇ ಆದೀತು, ಬಾಚಿ ಸೋಪಿನ ನೀರಿಗೆ ಅದ್ದಿ. ನಾಯಿಯ ಚಿಗಟದ ಪುಡಿ, ಸ್ಪ್ರೇ ಬೇಡವೇ ಬೇಡ. ಅವುಗಳಲ್ಲಿ ಹಲವಕ್ಕೆ ಪರ್ಮೆಥ್ರಿನ್ ಇರುತ್ತದೆ, ಅದು ಬೆಕ್ಕಿಗೆ ವಿಷ. ಡೆಟಾಲ್, ಫಿನಾಯಿಲ್, ಸೀಮೆಎಣ್ಣೆ ಇವೂ ಅದೇ ಸಾಲಿಗೆ. ಜ್ವರ ಇರಬಹುದೆಂದು ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ. ಮನುಷ್ಯರ ಒಂದು ಮಾತ್ರೆ ಬೆಳೆದ ಬೆಕ್ಕನ್ನೇ ಕೊಲ್ಲಬಲ್ಲದು. ಮಕ್ಕಳಿಗೆ ತಂದು ಉಳಿದ ಆಂಟಿಬಯೋಟಿಕ್ ಸಿರಪ್ ಕೂಡ ನಿಮ್ಮ ಲೆಕ್ಕದಲ್ಲಿ ಕೊಡಬೇಡಿ.

ಡಾಕ್ಟರ ಹತ್ತಿರ ಯಾವಾಗ? ನಿಮ್ಮ ಮರಿಯ ವಿಷಯದಲ್ಲಿ ಹಾಲು ಒಮ್ಮೆ ಮೂಗಿಗೆ ಬಂದಿರುವುದರಿಂದ, ಚೇತರಿಸಿಕೊಂಡರೂ ತೋರಿಸಲೇಬೇಕು. ಶ್ವಾಸಕೋಶಕ್ಕೆ ಹಾಲು ಹೋಗಿದ್ದರೆ ಒಂದೆರಡು ದಿನದಲ್ಲಿ ನ್ಯುಮೋನಿಯಾ ತಲೆ ಎತ್ತುತ್ತದೆ. ಬಾಯಿ ತೆರೆದು ಉಸಿರಾಡುವುದು, ಕಿವಿ ಹಚ್ಚಿದರೆ ಎದೆಯಲ್ಲಿ ಚಿಟಪಟ ಸದ್ದು, ಮೂಗಿನಲ್ಲಿ ಗುಳ್ಳೆ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಮೂರು ತಾಸು ಕಾವು ಕೊಟ್ಟರೂ ಚೀಪದಿದ್ದರೆ, ಸೆಟೆದುಕೊಂಡರೆ, ಹೊಟ್ಟೆ ಡೋಲಿನಂತಾದರೆ, ಗಾಯದಲ್ಲೋ ಹೊಕ್ಕುಳಲ್ಲೋ ಹುಳ ಕಂಡರೆ ಆಗಲೂ ಹಾಗೆಯೇ. ಸರಕಾರಿ ಪಶು ಆಸ್ಪತ್ರೆಗಳು ದನಕರುಗಳಿಗಷ್ಟೇ ಎಂದು ತಿಳಿಯಬೇಡಿ, ಬೆಕ್ಕನ್ನೂ ನೋಡುತ್ತಾರೆ. ಗದಗ ಕಡೆಯವರಿಗೆ ಅಲ್ಲಿನ ಪಶುವೈದ್ಯಕೀಯ ಕಾಲೇಜು ಇದೆ. 1962 ಸಹಾಯವಾಣಿ ಮುಖ್ಯವಾಗಿ ಜಾನುವಾರುಗಳಿಗೆ ಇರುವುದು. ಒಯ್ಯುವಾಗ ಡಬ್ಬಿಯೊಳಗೆ ಬಿಸಿನೀರಿನ ಬಾಟಲಿಯೂ ಹೋಗಲಿ. ಆಟೋದಲ್ಲಾದರೆ ಗಾಳಿಗೆ ಒಡ್ಡಬೇಡಿ, ಕಾರಿನಲ್ಲಾದರೆ ಏಸಿ ಬಂದ್ ಮಾಡಿಸಿ. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಏಸಿ ಬಸ್ಸಿನ ತಂಪಂತೂ ಇದಕ್ಕೆ ತಕ್ಕದ್ದಲ್ಲ. ಎಲ್ಲ ಸರಿಯಾಗಿ ಮಾಡಿದರೂ ಇಂಥ ಮರಿಗಳು ಕೆಲವು ಉಳಿಯುವುದಿಲ್ಲ. ಮಗಳಿಗೆ ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು.

ತಾಯಿ ಎರಡು ದಿನ ಬಂದಿಲ್ಲವೆಂದರೆ ಬರುವ ಆಸೆ ಕಡಿಮೆ, ಆದರೂ ಹಿತ್ತಲ ಕಡೆ ಕಣ್ಣಿರಲಿ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎನ್ನುವುದುಂಟು. ಜಾಗ ಬದಲಿಸುವಾಗ ಒಂದೊಂದೇ ಮರಿ ಒಯ್ಯುವುದರಿಂದ ಮಧ್ಯೆ ತಾಸುಗಟ್ಟಲೆ ಕಾಣದಿರುವುದು ಸಹಜ. ಉಳಿದ ಓದುಗರಿಗೆ ಇದನ್ನು ಒತ್ತಿ ಹೇಳುತ್ತೇನೆ: ಮರಿ ಶುಚಿಯಾಗಿ, ಹೊಟ್ಟೆ ದುಂಡಗೆ, ಬೆಚ್ಚಗೆ ಮಲಗಿದ್ದರೆ ಅದು ಅನಾಥವಲ್ಲ, ಎತ್ತಿಕೊಂಡು ಬರಬೇಡಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸಿಕೊಳ್ಳುವುದಿಲ್ಲ ಎಂಬುದು ಸುಳ್ಳು. ನಿಮ್ಮ ಓಣಿಯಲ್ಲಿ ಬೇರೆ ಬೆಕ್ಕು ಮರಿ ಹಾಕಿದ್ದರೆ, ಚೇತರಿಸಿಕೊಂಡ ಮೇಲೆ ಇದನ್ನು ಅದರ ಮರಿಗಳ ನಡುವೆ ಬಿಟ್ಟು ದೂರದಿಂದ ನೋಡಿ. ಎಷ್ಟೋ ತಾಯಿಬೆಕ್ಕುಗಳು ಒಪ್ಪಿಕೊಳ್ಳುತ್ತವೆ. ಒಪ್ಪಿದರೆ ನಿಮ್ಮ ನಿದ್ದೆಯೂ ಉಳಿಯಿತು.

ಉಳಿದುಕೊಂಡರೆ ದಿನಾ ಒಂದೇ ಹೊತ್ತಿಗೆ, ಅದೇ ಅಂಗಡಿಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಒಂದು ದಿನ ಏರದಿದ್ದರೆ ಎಚ್ಚರ, ಇಳಿದರೆ ಡಾಕ್ಟರು. ನಾಲ್ಕು ವಾರಕ್ಕೆ ಹಲ್ಲು ಬಂದಿರುತ್ತವೆ, ಆಗ ಮರಿಗಳ ಪ್ಯಾಕೆಟ್ ಆಹಾರವನ್ನು ಹಾಲಿನಲ್ಲಿ ನೆನೆಸಿ ತಾಟಿನಲ್ಲಿ ಇಡಿ. ಹಾಲು ಅನ್ನ, ಮೊಸರನ್ನದ ಮೇಲೆ ಬೆಕ್ಕನ್ನು ಸಾಕುತ್ತೇವೆ ಎನ್ನುವವರು ಅದು ಹೊರಗೆ ಹಿಡಿದು ತಿನ್ನುವ ಇಲಿಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಸಿಗದಿದ್ದರೆ ಬೆಕ್ಕಿಗೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಜಂತಿನ ಔಷಧದ ದಿನ, ಪ್ರಮಾಣ ಡಾಕ್ಟರು ತೂಕ ನೋಡಿ ಹೇಳಲಿ. ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ರೇಬೀಸ್ ಲಸಿಕೆ ಮೂರು ತಿಂಗಳಿಗೆ.

ಕೊನೆಗೆ ಮಗಳ ಗೀರು. ಈ ವಯಸ್ಸಿನ ಮರಿಗೆ ಉಗುರು ಒಳಗೆ ಎಳೆದುಕೊಳ್ಳಲು ಬರುವುದಿಲ್ಲ, ಆದ್ದರಿಂದ ಎತ್ತಿದವರಿಗೆಲ್ಲ ಗೀರುತ್ತದೆ, ಸಿಟ್ಟಿನಿಂದಲ್ಲ. ಇಷ್ಟು ಎಳೆ ಮರಿಯಿಂದ ರೇಬೀಸ್ ಬರುವುದು ಅಪರೂಪವೇ. ಆದರೆ ತಾಯಿ ಹೇಗೆ ಕಾಣೆಯಾಯಿತು, ನಾಯಿಯೊಂದು ಮರಿಗಳ ಗೂಡಿಗೆ ಬಾಯಿ ಹಾಕಿತ್ತೇ ಎಂಬುದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ರೇಬೀಸ್ ಬಂದ ಮೇಲೆ ಔಷಧವಿಲ್ಲದ ರೋಗ. ಗೀರಿದ ಜಾಗವನ್ನು ಈಗಲಾದರೂ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ, ಅರಿಸಿನ, ಸುಣ್ಣ, ಖಾರ ಏನೂ ಮೆತ್ತಬೇಡಿ. ಇವತ್ತೇ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೋ ಹತ್ತಿರದ ಸರಕಾರಿ ಆಸ್ಪತ್ರೆಗೋ ಕರೆದೊಯ್ದು, ಬೆಕ್ಕಿನ ಮರಿ ಗೀರಿದೆ, ತಾಯಿ ಕಾಣೆಯಾಗಿದೆ ಎಂದು ನಡೆದದ್ದನ್ನು ಪೂರ್ತಿ ಹೇಳಿ. ಲಸಿಕೆ ಬೇಕೋ ಬೇಡವೋ ಅವರು ಗಾಯ ನೋಡಿ ನಿರ್ಧರಿಸಲಿ. ಶುರು ಮಾಡಿದರೆ ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ ಮೊದಲ ದಿನ (ಅದನ್ನು ಸೊನ್ನೆ ಎಂದು ಎಣಿಸಿ), ಆಮೇಲೆ 3, 7 ಮತ್ತು 28ನೇ ದಿನ ಚುಚ್ಚುಮದ್ದು ಇರುತ್ತದೆ. ಮರಿ ಚೇತರಿಸಿಕೊಂಡು ಆಟವಾಡುತ್ತಿದೆ ಎಂದು ನಡುವೆ ಒಂದನ್ನೂ ಬಿಡಿಸಬೇಡಿ.